ಜಗತ್ತಿನ ಇತಿಹಾಸವನ್ನು ಕನ್ನಡದಲ್ಲಿ ಓದುವಾಗ ಎಲ್ಲಿಂದ ಆರಂಭಿಸಬೇಕು?

ಬದಿಯಡ್ಕದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತು, ಪದವಿಯಲ್ಲಿ ಇತಿಹಾಸವನ್ನು ಇಂಗ್ಲಿಷಿನಲ್ಲಿ ಓದಿದವಳು ನಾನು. ಈಗ ಬಿ.ಎಡ್. ಮುಗಿಸಿ, ಕನ್ನಡ ಮಾಧ್ಯಮದ ಪ್ರೌಢಶಾಲಾ ಸಮಾಜವಿಜ್ಞಾನ ಶಿಕ್ಷಕರ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಮೆಸೊಪೊಟೇಮಿಯಾಕ್ಕೆ ಒಂದು ನೋಟ್‌ಬುಕ್, ಈಜಿಪ್ಟಿಗೆ ಒಂದು, ಚೀನಾಕ್ಕೆ ಒಂದು, ಗ್ರೀಸ್ ಮತ್ತು ರೋಮಿಗೆ ಸೇರಿಸಿ ಒಂದು ಎಂಬಂತೆ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡಿದ್ದೇನೆ. ಆದರೆ ಕಳೆದ ವಾರದ ಮಾದರಿ ಪರೀಕ್ಷೆಯಲ್ಲಿ ಅಶೋಕನ ಕಾಲದ ರೋಮಿನ ಬಗ್ಗೆ ಎರಡು ವಾಕ್ಯ ಬರೆಯಲು ಹೇಳಿದಾಗ ಜೂಲಿಯಸ್ ಸೀಸರನ ಹೆಸರು ಬರೆದು ಬಂದೆ. ಮನೆಗೆ ಬಂದು ನೋಡಿದರೆ ಸುಮಾರು ಇನ್ನೂರು ವರ್ಷ ತಪ್ಪಿತ್ತು.

ಪದಗಳದ್ದು ಇನ್ನೊಂದು ತೊಡಕು. ಫ್ಯೂಡಲಿಸಂ ಎಂಬುದು ಒಂದು ಪುಸ್ತಕದಲ್ಲಿ ಊಳಿಗಮಾನ್ಯ ಪದ್ಧತಿಯಾಗಿದೆ, ಇನ್ನೊಂದರಲ್ಲಿ ಸಾಮಂತ ಪದ್ಧತಿಯಾಗಿದೆ, ಮಲಯಾಳದಿಂದ ಅನುವಾದವಾದ ಟಿಪ್ಪಣಿಯಲ್ಲಿ ಜನ್ಮಿ ಪದ್ಧತಿ ಎಂದಿದೆ. ಪ್ರಾಚೀನ ನಾಗರಿಕತೆಗಳಿಂದ ಆಧುನಿಕ ಯುಗದವರೆಗಿನ ಈ ಇತಿಹಾಸವನ್ನು ಯಾವ ಕ್ರಮದಲ್ಲಿ ಓದಿದರೆ ತಲೆಯಲ್ಲಿ ನಿಲ್ಲುತ್ತದೆ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ನಿವೃತ್ತ ಮಾಸ್ತರ್, ಕುಂಬಳೆ

ಮಗಳೇ, ನಿಮ್ಮ ತಪ್ಪು ನೋಟ್‌ಬುಕ್ಕಿನದು. ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟ ದೇಶಗಳು ಒಂದನ್ನೊಂದು ನೋಡುವುದಾದರೂ ಹೇಗೆ? ಅಂಗಡಿಯವರು ಬಿಲ್ ಯಂತ್ರಕ್ಕೆ ಹಾಕುವ ಕಾಗದದ ಸುರುಳಿಯೊಂದನ್ನು ತಂದು ಜಗಲಿಯುದ್ದಕ್ಕೆ ಬಿಡಿಸಿ. 10 ವರ್ಷಕ್ಕೆ 1 ಸೆಂಟಿಮೀಟರ್ ಎಂದು ಲೆಕ್ಕ ಹಿಡಿಯಿರಿ. ಇಂದಿನ ಇರಾಕಿನಲ್ಲಿದ್ದ ಉರುಕ್ ಪಟ್ಟಣದಲ್ಲಿ ಬರವಣಿಗೆ ಕಾಣಿಸಿಕೊಂಡ ಕಾಲವನ್ನು ಕ್ರಿ.ಪೂ. 3200 ಎಂದು ಇಟ್ಟುಕೊಂಡರೆ, ಅಲ್ಲಿಂದ ಇಲ್ಲಿಗೆ 5 ಮೀಟರ್ 22 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಗೀಜಾದ ಮಹಾ ಪಿರಮಿಡ್ 64ನೇ ಸೆಂಟಿಮೀಟರಿನ ಆಸುಪಾಸಿನಲ್ಲಿ ಬೀಳುತ್ತದೆ. ಅಶೋಕನಾದರೋ 294ನೇ ಸೆಂಟಿಮೀಟರಿನ ತನಕ ಬರುವುದಿಲ್ಲ. ಪಿರಮಿಡ್ಡಿನಿಂದ ಅಶೋಕನಿಗಿರುವ ದೂರವೂ ಅಶೋಕನಿಂದ ನಮಗಿರುವ ದೂರವೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾನೇ ಈ ಸುರುಳಿ ಬಿಡಿಸುವ ತನಕ ಗಮನಿಸಿರಲಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ರಿಂದ ಈಚೆಗಿನ, ನಿಮ್ಮ ಪಠ್ಯಕ್ರಮದ ಅರ್ಧವನ್ನು ನುಂಗುವ ಭಾಗಕ್ಕೆ ಸಿಗುವುದು ಕೊನೆಯ 53 ಸೆಂಟಿಮೀಟರ್ ಮಾತ್ರ.

ಈಗ ಅಶೋಕನ ಗೆರೆಯ ಕೆಳಗೆ ಅದೇ ಕಾಲದ್ದನ್ನು ಬರೆಯಿರಿ. ರೋಮ್ ಆಗ ಸಾಮ್ರಾಜ್ಯವೇ ಅಲ್ಲ, ಸಿಸಿಲಿ ದ್ವೀಪಕ್ಕಾಗಿ ಉತ್ತರ ಆಫ್ರಿಕಾದ ಕಾರ್ತೇಜಿನೊಡನೆ ಮೊದಲನೆಯ ಪ್ಯೂನಿಕ್ ಯುದ್ಧದಲ್ಲಿ (ಕ್ರಿ.ಪೂ. 264ರಿಂದ 241) ತೊಡಗಿದ್ದ ಗಣರಾಜ್ಯ. ಅಲ್ಲಿಂದ 4 ಸೆಂಟಿಮೀಟರ್ ಮುಂದೆ ಹೋದರೆ, ಕ್ರಿ.ಪೂ. 221ರಲ್ಲಿ, ಚಿನ್ ದೊರೆ ಚೀನಾವನ್ನು ಒಂದುಗೂಡಿಸುತ್ತಾನೆ. ಇದು ನಾವು ಕುಳಿತು ಹೊಂದಿಸಿದ ಸಂಬಂಧವಲ್ಲ. ಅಶೋಕನೇ ತನ್ನ 13ನೇ ಬಂಡೆಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತಿಕಿನಿ, ಮಗ, ಅಲಿಕಸುದರ ಎಂದು ಐವರು ಗ್ರೀಕ್ ದೊರೆಗಳನ್ನು ಹೆಸರಿಸಿದ್ದಾನೆ. ಆ ಐವರೂ ಒಟ್ಟಿಗೆ ಆಳುತ್ತಿದ್ದ ವರ್ಷಗಳು ಬೇರೆ ಕಡೆಯಿಂದ ತಿಳಿದಿರುವುದರಿಂದಲೇ ಅಶೋಕನ ಕಾಲವನ್ನು ನಾವು ಇಷ್ಟು ಧೈರ್ಯದಿಂದ ಹೇಳುತ್ತೇವೆ.

ಮೊದಲ ಬರಹಗಳಲ್ಲಿ ಏನಿತ್ತು ಎಂಬುದನ್ನೂ ನೋಡಿಕೊಳ್ಳಿ. ಕಾವ್ಯವಲ್ಲ, ರಾಜರ ಬಿರುದಾವಳಿಯಲ್ಲ. ಬಾರ್ಲಿ, ಕುರಿ, ಕೆಲಸದಾಳುಗಳ ಪಡಿ. ತಲೆಯ ಚಿತ್ರದ ಬಾಯಿಯ ಬಳಿ ಒಂದು ಬಟ್ಟಲನ್ನು ಗೀರಿದರೆ ತಿನ್ನುವುದು ಎಂಬ ಅರ್ಥ ಬರುತ್ತಿತ್ತು, ಆ ಬಟ್ಟಲು ಪಡಿ ಅಳೆದುಕೊಡುವ ಬಟ್ಟಲು. ಅಡಿಕೆ ವ್ಯಾಪಾರಿಯ ಚೀಟಿ ನೋಡಿದವರಿಗೆ ಉರುಕಿನ ಮಣ್ಣಿನ ಹಲಗೆ ಅಪರಿಚಿತವೆನಿಸುವುದಿಲ್ಲ.

ಪದಗಳ ವಿಚಾರ: ಊಳಿಗಮಾನ್ಯ ಪದ್ಧತಿ ಎಂಬುದನ್ನು ಯುರೋಪಿಗೆ ಇಟ್ಟುಕೊಳ್ಳಿ. ಒಡೆಯನಿಗೆ ಯುದ್ಧದಲ್ಲಿ ಊಳಿಗ ಮಾಡುವೆನೆಂದು ಪ್ರಮಾಣ ಮಾಡಿ ಭೂಮಿ ಪಡೆಯುವ ಏರ್ಪಾಡು ಅದು. ಜನ್ಮಿ ಎಂದರೆ ಕೇರಳದ ಭೂಹಿಡುವಳಿ. ಎರಡನ್ನೂ ಒಂದೇ ಪದದಿಂದ ಕರೆದರೆ ಎರಡೂ ಅರ್ಥವಾಗುವುದಿಲ್ಲ.

ಉಪ್ಪಳದವನು, ಈಗ ಮನಾಮ

ಮಾಸ್ತರರ ಮಾತಿಗೆ ನನ್ನದೊಂದು ಸೇರ್ಪಡೆ. ನಾನಿರುವ ಬಹರೈನ್ ಆ ಮಣ್ಣಿನ ಹಲಗೆಗಳಲ್ಲಿ ದಿಲ್ಮುನ್ ಎಂಬ ಹೆಸರಿನಿಂದ ಬರುತ್ತದೆ. ಕ್ರಿ.ಪೂ. 2200ರಿಂದ 1750ರ ನಡುವಿನ 11,774 ಸಮಾಧಿ ದಿಬ್ಬಗಳನ್ನು ಯುನೆಸ್ಕೋ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶುಕ್ರವಾರ ರಜೆಯಲ್ಲಿ ಬಸ್ಸಿನಲ್ಲಿ ಹೋದರೆ ರಸ್ತೆಯ ಬದಿಯಲ್ಲಿಯೇ ಮಣ್ಣಿನ ಗುಪ್ಪೆಗಳಂತೆ ಕಾಣಿಸುತ್ತವೆ. ಇಲ್ಲಿ ಅಗೆದಾಗ ಸಿಕ್ಕಿದ ತೂಕದ ಕಲ್ಲುಗಳು ಸಿಂಧೂ ಕಣಿವೆಯ ತೂಕದ ಕ್ರಮಕ್ಕೆ ಸರಿಹೊಂದುತ್ತವೆ. ಹರಪ್ಪದ ವ್ಯಾಪಾರಿ ಇಲ್ಲಿಗೆ ಬಂದರೆ ತಕ್ಕಡಿಯ ಬಗ್ಗೆ ಜಗಳ ಮಾಡಬೇಕಾಗಿರಲಿಲ್ಲ ಎಂದಾಯಿತು. ಮೆಸೊಪೊಟೇಮಿಯಾದವರು ಮೆಲುಹ್ಹ ಎಂದು ಬರೆದದ್ದು ಸಿಂಧೂ ಪ್ರದೇಶವನ್ನೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ದಿಲ್ಮುನ್‌ನಿಂದ ತಾಮ್ರ ತರಿಸಿ ಮಾರುತ್ತಿದ್ದ, ಮೆಸೊಪೊಟೇಮಿಯಾದ ಊರ್ ಪಟ್ಟಣದ ಎಯಾ-ನಾಸಿರ್ ಎಂಬ ವ್ಯಾಪಾರಿಗೆ, ನನ್ನಿ ಎಂಬ ಗಿರಾಕಿ ಕ್ರಿ.ಪೂ. 1750ರ ಸುಮಾರಿಗೆ ಬರೆದ ದೂರಿನ ಪತ್ರವೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಣ ಕೊಟ್ಟ ಮೇಲೆ ಕಳಪೆ ತಾಮ್ರ ತೋರಿಸಿದೆ, ಬೇಕಾದರೆ ತೆಗೆದುಕೊಳ್ಳಿ ಇಲ್ಲವಾದರೆ ಹೋಗಿ ಎಂದು ನನ್ನ ಆಳನ್ನು ಬರಿಗೈಯಲ್ಲಿ ಕಳುಹಿಸಿದೆ ಎಂಬುದು ಅದರ ಸಾರ. ಎರಡು ತಿಂಗಳ ಸಂಬಳ ಬಾಕಿಯಾಗಿ ನಾನು ಅರ್ಜಿ ಬರೆದು ಕುಳಿತಿದ್ದ ದಿನಗಳಲ್ಲಿ ಆ ಪತ್ರವನ್ನು ಓದಿದೆ. ಅಂದಿನಿಂದ ಕಂಚಿನ ಯುಗ ಎಂದರೆ ನನಗೆ ನೆನಪಾಗುವುದು ಕತ್ತಿಗಳಲ್ಲ, ನನ್ನಿಯ ಕೋಪ.

ಪೆರ್ಲದ ಕೃಷಿಕ

ನಾನು ಪರೀಕ್ಷೆಗೆ ಓದುವವನಲ್ಲ, ರಾತ್ರಿ ನಿದ್ದೆ ಬಾರದಿದ್ದರೆ ಓದುವವನು. ನನ್ನ ಸಲಹೆ ಏನೆಂದರೆ ಒಂದು ವಸ್ತುವನ್ನು ಹಿಡಿದುಕೊಂಡು ಹೊರಡಿ. ನನಗೆ ಸಿಕ್ಕಿದ್ದು ಅಂಗಳದಲ್ಲಿ ಒಣಗಲು ಹಾಕಿದ ಒಳ್ಳೆಮೆಣಸು.

ಈಜಿಪ್ಟಿನ ಕೆಂಪು ಸಮುದ್ರದ ಕರೆಯಲ್ಲಿರುವ ಬೆರೆನಿಕೆ ಎಂಬ ಹಳೆಯ ಬಂದರಿನಲ್ಲಿ, ದೇವಾಲಯದ ನೆಲದಲ್ಲಿ ಹೂತಿದ್ದ ಭಾರತದ ಮಣ್ಣಿನ ಹರವಿಯೊಂದರಲ್ಲಿ ಸುಮಾರು ಏಳೂವರೆ ಕಿಲೋ ಒಳ್ಳೆಮೆಣಸು ಸಿಕ್ಕಿತು. ಅದು ಕ್ರಿ.ಶ. ಮೊದಲನೆಯ ಶತಮಾನದ್ದು. ಅದೇ ಶತಮಾನದ ರೋಮಿನ ಬರಹಗಾರ ಪ್ಲಿನಿ, ಇದಕ್ಕೆ ಸಿಹಿಯೂ ಇಲ್ಲ, ನೋಟವೂ ಇಲ್ಲ, ಬರೀ ಖಾರಕ್ಕಾಗಿ ಜನ ಭಾರತದ ತನಕ ಹೋಗುತ್ತಾರಲ್ಲ ಎಂದು ಗೊಣಗುತ್ತಾನೆ, ಗೊಣಗುತ್ತಲೇ ರೋಮಿನ ಒಂದು ಪೌಂಡಿಗೆ 4 ದಿನಾರಿ (ರೋಮಿನ ಬೆಳ್ಳಿ ನಾಣ್ಯ) ಎಂಬ ಬೆಲೆಯನ್ನೂ ಬರೆದಿಡುತ್ತಾನೆ. 408ರಲ್ಲಿ ಗಾಥರ ನಾಯಕ ಅಲಾರಿಕ್ ರೋಮನ್ನು ಮುತ್ತಿದಾಗ, ಬಿಟ್ಟು ಹೋಗಲು ಕೇಳಿದ ವಸ್ತುಗಳಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆಗೆ 3000 ಪೌಂಡ್ ಮೆಣಸು ಇತ್ತು. ರೋಮಿನ ಪೌಂಡ್ ಎಂದರೆ ಸುಮಾರು 327 ಗ್ರಾಂ, ಹಾಗಾಗಿ ಲೆಕ್ಕ ಹಾಕಿದರೆ 10 ಕ್ವಿಂಟಾಲಿಗೆ ಸ್ವಲ್ಪ ಕಡಿಮೆ. ಒಂದು ಮಹಾನಗರದ ಪ್ರಾಣಕ್ಕೆ ಒತ್ತೆಯಾಗಿ ಬಿದ್ದಷ್ಟು ಮೆಣಸನ್ನು ಈಗ ನಮ್ಮ ಕಡೆಯ ನಾಲ್ಕಾರು ತೋಟದವರು ಸೇರಿದರೆ ಒಂದು ಕೊಯ್ಲಿನಲ್ಲಿ ಕೊಟ್ಟಾರು.

ಇನ್ನು ನಮ್ಮ ಮಾತನ್ನೇ ನೋಡಿ. ಘಟ್ಟದ ಮೇಲಿನವರು ಕಾಳುಮೆಣಸು ಎನ್ನುವುದನ್ನು ನಾವು ಒಳ್ಳೆಮೆಣಸು ಎನ್ನುತ್ತೇವೆ, ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ನಲ್ಲ ಮುಳಕು. ಮೂರೂ ಭಾಷೆಗಳಲ್ಲಿ ಒಳ್ಳೆಯದು ಎಂಬ ವಿಶೇಷಣ ಏಕೆ ಬೇಕಾಯಿತು? ಹಿಂದೆ ಮೆಣಸು ಎಂದರೆ ಇದೊಂದೇ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕಾ ಖಂಡದಿಂದ ಕೆಂಪು ಮೆಣಸು ಬಂದು ಹೆಸರನ್ನೇ ಕಿತ್ತುಕೊಂಡಿತು, ಹಳೆಯದಕ್ಕೆ ಒಳ್ಳೆಯದು ಎಂಬ ಸಮಾಧಾನ ಉಳಿಯಿತು. ಗೇರು, ಅನಾನಸು, ಬಪ್ಪಂಗಾಯಿ ಎಲ್ಲವೂ ಅದೇ ದಾರಿಯಲ್ಲಿ ಬಂದವು. ಕೊಲಂಬಸನ ನಂತರ ಎರಡು ಭೂಭಾಗಗಳ ನಡುವೆ ನಡೆದ ಬೆಳೆಗಳ ವಿನಿಮಯದ ಅಧ್ಯಾಯವನ್ನು ಅಡುಗೆಮನೆಯ ಸಂಬಾರದ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡೇ ಓದಬಹುದು.

ಸಮಾಜವಿಜ್ಞಾನದ ಟೀಚರ್, ಕಾಸರಗೋಡು

ಎಲ್ಲವನ್ನೂ ಸಂತೋಷದಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ. ನಮ್ಮ ಕರಾವಳಿ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆಯೋ ಅಷ್ಟನ್ನೇ ಜಗತ್ತಿನ ಇತಿಹಾಸವೆಂದು ಓದಿದರೆ, ಮೆಣಸಿನ ಹಡಗು ಮುಟ್ಟದ ಇಂಕಾ ರಾಜ್ಯವೂ ಮಾಯಾ ಪಟ್ಟಣಗಳೂ ಕೈಬಿಟ್ಟು ಹೋಗುತ್ತವೆ. ವಸ್ತುವನ್ನು ಹಿಡಿದು ಹೊರಡುವುದು ಸರಿ, ಆದರೆ ಅದು ನಮ್ಮ ಮನೆಗೆ ಮರಳಿ ಬರಬೇಕೆಂದು ಹಟ ಹಿಡಿಯಬಾರದು.

ಮಾಸ್ತರರ ಕುಂಬಳೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 16ನೇ ಶತಮಾನದ ಆರಂಭದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ, ಕುಂಬಳೆಯಿಂದ ಅಕ್ಕಿ ಮಾಲ್ಡೀವ್ಸಿಗೆ ಹೋಗುತ್ತಿತ್ತು, ಬದಲಿಗೆ ಅಲ್ಲಿಂದ ತೆಂಗಿನ ನಾರಿನ ಹಗ್ಗ ಬರುತ್ತಿತ್ತು ಎಂದು ಬರೆದಿದ್ದಾನೆ. ಇಲ್ಲಿಗೆ ನಿಲ್ಲಿಸಿದರೆ ಊರ ಹೆಮ್ಮೆಯ ಕಥೆಯಾಗುತ್ತದೆ. ಮಾಲ್ಡೀವ್ಸಿನಿಂದ ಹಗ್ಗವೊಂದೇ ಹೊರಹೋಗುತ್ತಿರಲಿಲ್ಲ, ಕವಡೆಯೂ ಹೋಗುತ್ತಿತ್ತು. ಬಂಗಾಳದಲ್ಲಿ ಅದು ಚಿಲ್ಲರೆ ಹಣ. ಡಚ್ಚರೂ ಇಂಗ್ಲಿಷರೂ ಅದನ್ನು ಹಡಗಿನ ತಳಭಾರವಾಗಿ ತುಂಬಿಕೊಂಡು ಹೋಗಿ ಆಮ್‌ಸ್ಟರ್‌ಡ್ಯಾಮಿನಲ್ಲಿಯೂ ಲಂಡನ್ನಿನಲ್ಲಿಯೂ ಹರಾಜು ಹಾಕುತ್ತಿದ್ದರು. ಅಲ್ಲಿಂದ ಅದು ಪಶ್ಚಿಮ ಆಫ್ರಿಕಾದ ಕರಾವಳಿಗೆ ಹೋಗಿ, ಮನುಷ್ಯರನ್ನು ಕೊಳ್ಳುವ ಬೆಲೆಯಾಗುತ್ತಿತ್ತು. ಹಾಗೆ ಕೊಂಡವರನ್ನು ಅಟ್ಲಾಂಟಿಕ್ ದಾಟಿಸಿ ಕಬ್ಬಿನ ತೋಟಗಳಿಗೆ ಹಾಕಿದರು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಸಲೀಸಾಗಿ ಆಡುವ ಮಾತನ್ನು ಇದನ್ನು ಪಾಠ ಮಾಡಿದ ದಿನದಿಂದ ನಾನು ತರಗತಿಯಲ್ಲಿ ಬಳಸಿಲ್ಲ. ಹೈಟಿಯಲ್ಲಿ ಗುಲಾಮರು 1791ರಲ್ಲಿ ದಂಗೆಯೆದ್ದು 1804ರ ಜನವರಿ 1ರಂದು ಸ್ವಾತಂತ್ರ್ಯ ಘೋಷಿಸಿದ್ದನ್ನು ಫ್ರೆಂಚ್ ಕ್ರಾಂತಿಯ ಅಡಿಟಿಪ್ಪಣಿಯಾಗಿ ಓದದೆ, ಸ್ವಾತಂತ್ರ್ಯ ಮತ್ತು ಸಮಾನತೆ ಎಂದು ಕೂಗಿದ ಪ್ಯಾರಿಸ್ಸಿಗೆ ಬಂದ ಮೊದಲ ಕಠಿಣ ಪ್ರಶ್ನೆಯಾಗಿ ಓದಿ.

ಗೈಡುಗಳಲ್ಲಿರುವ ಒಂದು ಸಿದ್ಧ ಉತ್ತರದ ಬಗ್ಗೆಯೂ ಎಚ್ಚರಿಸಬೇಕು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಗೆದ್ದರು, ವಿದ್ವಾಂಸರು ಇಟಲಿಗೆ ಓಡಿದ್ದರಿಂದ ಪುನರುಜ್ಜೀವನ ಆರಂಭವಾಯಿತು, ವ್ಯಾಪಾರದ ದಾರಿ ಮುಚ್ಚಿದ್ದರಿಂದ ವಾಸ್ಕೋ ಡ ಗಾಮ ಹೊರಟ ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಪುನರುಜ್ಜೀವನದ ಆದ್ಯರಲ್ಲಿ ಒಬ್ಬನೆನಿಸಿದ ಪೆಟ್ರಾರ್ಕ್ 1374ರಲ್ಲಿಯೇ ತೀರಿಕೊಂಡಿದ್ದ. ಮೆಣಸು ಬರುತ್ತಿದ್ದ ಕೆಂಪು ಸಮುದ್ರ ಮತ್ತು ಅಲೆಕ್ಸಾಂಡ್ರಿಯಾದ ದಾರಿ ಆಗ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಕೈಯಲ್ಲಿತ್ತು; ತುರ್ಕರು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ, ಗಾಮ ಬಂದು ಹತ್ತೊಂಬತ್ತು ವರ್ಷಗಳಾದ ಮೇಲೆ. ವೆನಿಸಿನ ವ್ಯಾಪಾರಿಗಳು ಆ ತನಕವೂ ಅಲ್ಲಿಂದ ಮೆಣಸು ಕೊಳ್ಳುತ್ತಲೇ ಇದ್ದರು. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಮುಚ್ಚಿದ ದಾರಿಗೆ ಬದಲಿ ದಾರಿಯಲ್ಲ, ನಡುವಿನವರ ಲಾಭ. ಪರೀಕ್ಷೆಯಲ್ಲಿ ಗೈಡಿನ ಉತ್ತರಕ್ಕೇ ಅಂಕ ಸಿಗಬಹುದು, ಅದು ಬೇರೆ ಮಾತು.

ಮಂಜೇಶ್ವರದ ಹುಡುಗ

ಎರಡನೆಯ ಶತಮಾನದಲ್ಲಿಯೇ ಈಜಿಪ್ಟಿನ ನಾಟಕದಲ್ಲಿ ಕನ್ನಡ ಇತ್ತು ಎಂಬುದನ್ನು ನಮ್ಮ ಗೋವಿಂದ ಪೈಗಳೇ ತೋರಿಸಿಕೊಟ್ಟಿದ್ದಾರಲ್ಲ, ಅದನ್ನು ಯಾರೂ ಹೇಳಲಿಲ್ಲವೇಕೆ? ಅಶೋಕನ ಶಾಸನದಲ್ಲಿ ದಕ್ಷಿಣದ ನೆರೆಯವರ ಸಾಲಿನಲ್ಲಿ ಬರುವ ಸತಿಯಪುತ್ರ ಎಂದರೂ ನಮ್ಮ ತುಳುನಾಡೇ ಎಂದು ಕೇಳಿದ್ದೇನೆ.

ನಿವೃತ್ತ ಮಾಸ್ತರ್, ಕುಂಬಳೆ

ಬೇಕೆಂದೇ ಬಿಟ್ಟಿದ್ದೆ, ಆದರೆ ಕೇಳಿದ್ದು ಒಳ್ಳೆಯದಾಯಿತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ ಅದು. ಭಾರತದ ಕರಾವಳಿಯ ದೊರೆಯೊಬ್ಬನ ಸೆರೆಯಲ್ಲಿರುವ ಗ್ರೀಕ್ ಹೆಂಗಸನ್ನು, ದೊರೆಗೂ ಅವನ ಕಡೆಯವರಿಗೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಪ್ರಹಸನ. ಭಾರತೀಯ ಪಾತ್ರಗಳು ಗ್ರೀಕ್ ಅಲ್ಲದ ಏನನ್ನೋ ಆಡುತ್ತವೆ. ಅದು ಕನ್ನಡವಿರಬಹುದೆಂದು ಮೊದಲು ಸೂಚಿಸಿದ್ದು ಹುಲ್ಚ್ ಎಂಬ ಜರ್ಮನ್ ವಿದ್ವಾಂಸ, 1904ರಲ್ಲಿ. ಅನಂತರ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಸಾಲುಗಳನ್ನು ಬಿಡಿಸಲು ಪ್ರಯತ್ನಿಸಿದರು. ತುಳು ಎಂದವರೂ ಇದ್ದಾರೆ, ನಗಿಸಲು ಬರೆದ ಅರ್ಥವಿಲ್ಲದ ಶಬ್ದಗಳು ಎಂದವರೂ ಇದ್ದಾರೆ. ಹಾಗಾಗಿ ತೋರಿಸಿಕೊಟ್ಟಿದ್ದಾರೆ ಎನ್ನುವುದಕ್ಕಿಂತ ವಾದಿಸಿದ್ದಾರೆ ಎನ್ನುವುದು ಸರಿ. ಪೈಗಳಂತಹ ವಿದ್ವಾಂಸರಿಗೆ ಅದರಿಂದ ಕುಂದಿಲ್ಲ.

ಸತಿಯಪುತ್ರದ ಮಾತು ಅದಕ್ಕಿಂತಲೂ ಸ್ಪಷ್ಟ. ತುಳುನಾಡು ಎಂಬ ಊಹೆ ಬಹಳ ಕಾಲ ಚಾಲ್ತಿಯಲ್ಲಿತ್ತು, ನಾನೂ ಹಾಗೆಯೇ ಪಾಠ ಹೇಳಿದ್ದೇನೆ. 1981ರಲ್ಲಿ ತಮಿಳುನಾಡಿನ ಜಂಬೈ ಎಂಬಲ್ಲಿ ಸಿಕ್ಕಿದ ತಮಿಳು ಬ್ರಾಹ್ಮಿ ಶಾಸನದಲ್ಲಿ ಸತಿಯಪುತೋ ಎಂಬ ಬಿರುದು ಅದಿಯಮಾನ್ ಮನೆತನದ ನೆಡುಮಾನ್ ಅಂಜಿಗೆ ಬಂದಿತ್ತು. ಅವರದು ಧರ್ಮಪುರಿಯ ಕಡೆಯ ತಗಡೂರು. ಬೇಸರವಾಯಿತು, ಪಾಠ ಬದಲಾಯಿಸಿದೆ.

ಜತ್ತ ತಾಲೂಕಿನಿಂದ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕನ್ನಡಿಗನೊಬ್ಬನ ಎರಡು ಮಾತು. ಆಧುನಿಕ ಯುಗಕ್ಕೆ ಬಂದಾಗ ನನಗೆ ತಟ್ಟನೆ ಅರ್ಥವಾದ ಅಧ್ಯಾಯ ಮೊದಲನೆಯ ಮಹಾಯುದ್ಧದ ನಂತರದ ಒಪ್ಪಂದಗಳದ್ದು. 1920ರ ಟ್ರಿಯಾನಾನ್ ಒಪ್ಪಂದದಲ್ಲಿ ಹಂಗೇರಿ ತನ್ನ ಹಿಂದಿನ ನೆಲದ ಮೂರನೇ ಎರಡರಷ್ಟನ್ನು ಕಳೆದುಕೊಂಡಿತು, ಲಕ್ಷಾಂತರ ಹಂಗೇರಿಯನ್ ಮಾತಿನವರು ಮನೆ ಬಿಟ್ಟು ಕದಲದೆಯೇ ಬೇರೆ ದೇಶದವರಾದರು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯನ್ನು ಅದಕ್ಕೆ ಸಮವೆಂದು ನಾನು ಹೇಳುವುದಿಲ್ಲ; ಅದು ಸೋತವರ ಮೇಲೆ ಹೇರಿದ ಒಪ್ಪಂದ, ಇದು ಒಂದೇ ದೇಶದೊಳಗೆ ಸಂಸತ್ತು ಮಾಡಿದ ಕಾನೂನು. ಆದರೂ ಅಂಗಡಿಯ ಫಲಕದ ಅಕ್ಷರ ಬದಲಾಗುವುದೆಂದರೆ ಏನು ಎಂಬುದನ್ನು ಗಡಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಮಾಜವಿಜ್ಞಾನದ ಟೀಚರ್, ಕಾಸರಗೋಡು

ಆ ಯುದ್ಧ ನಮ್ಮ ಮಾಡುಗಳ ಮೇಲೆಯೂ ಇದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಅದರಲ್ಲಿ ಜರ್ಮನರು ಬಹಳ ಮಂದಿ ಇದ್ದುದರಿಂದ 1914ರ ನಂತರ ಬ್ರಿಟಿಷ್ ಸರಕಾರ ಅವರ ಕಾರ್ಖಾನೆಗಳನ್ನು ಶತ್ರುವಿನ ಸೊತ್ತೆಂದು ವಶಪಡಿಸಿಕೊಂಡಿತು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಮ್ಮ ಹಳೆಯ ಮನೆಯ ಹಂಚು ಇಳಿಸಿದಾಗ ಎರಡೂ ಹೆಸರಿನ ಮುದ್ರೆಗಳು ಒಂದೇ ಮಾಡಿನಲ್ಲಿ ಸಿಕ್ಕಿದವು. ಒಂದು ಎಚ್ಚರಿಕೆ: ಹಂಚಿನ ಮೇಲೆ 1865 ಎಂದು ಕಂಡ ಕೂಡಲೇ ಮನೆ ಅಷ್ಟು ಹಳೆಯದೆಂದು ಬೀಗಬೇಡಿ, ಅದು ಕಾರ್ಖಾನೆ ಆರಂಭವಾದ ವರ್ಷ.

ಪೆರ್ಲದ ಕೃಷಿಕ

ಪಠ್ಯಕ್ರಮ ಎಲ್ಲಿಗೆ ಮುಗಿಯುತ್ತದೆ ಎಂದು ನನ್ನ ಮಗನನ್ನು ಕೇಳಿದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವುದಕ್ಕೆ ಎಂದ. ನಾನು ಗೇರಿನ ಮಾತು ತೆಗೆದು ಅರ್ಧಕ್ಕೆ ಬಿಟ್ಟಿದ್ದೆ. ಪೋರ್ಚುಗೀಸರು ತಂದ ಆ ಮರ ಇಲ್ಲಿ ಸಾವಿರಾರು ಎಕರೆ ತೋಟವಾಯಿತು. ಆ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನಮ್ಮ ಪಕ್ಕದ ಸ್ವರ್ಗ ಎಂಬ ಊರಿನ ಜನರಿಗೆ ಏನಾಯಿತೆಂದು ಇಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. 2011ರ ಎಪ್ರಿಲಿನಲ್ಲಿ ಜಿನೀವಾದಲ್ಲಿ, ಸ್ಟಾಕ್‌ಹೋಮ್ ಒಡಂಬಡಿಕೆಯ ದೇಶಗಳು ಅದನ್ನು ಜಗತ್ತಿನಾದ್ಯಂತ ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮಗಳೇ, ನಿಮ್ಮ ಸುರುಳಿಯ ಕೊನೆಯ ಒಂದೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿ ಅದನ್ನೂ ಬರೆಯಿರಿ, ಪರೀಕ್ಷೆಯಲ್ಲಿ ಕೇಳಲಿಕ್ಕಿಲ್ಲ.

ಬದಿಯಡ್ಕದ ವಿದ್ಯಾರ್ಥಿನಿ

ಬರೆದಿದ್ದೇನೆ. ಜಗಲಿ ಸಾಲದೆ ಸುರುಳಿ ಚಾವಡಿಯ ಮೂಲೆಯಲ್ಲಿ ತಿರುಗಿ ಒಳಗೆ ಹೋಗಿದೆ. ತಿರುವು ಸರಿಯಾಗಿ ರೋಮ್ ಮತ್ತು ಹಾನ್ ಮನೆತನದ ಚೀನಾದ ಬಳಿ ಬಂದಿರುವುದರಿಂದ ಅವೆರಡೂ ಒಂದೇ ಕಾಲದವು ಎಂಬುದನ್ನು ಇನ್ನು ಮರೆಯುವಂತಿಲ್ಲ. ಮೊದಲ ಮೂರು ಮೀಟರಿನಲ್ಲಿ ಎಷ್ಟು ಖಾಲಿ ಜಾಗವಿದೆ ಎಂದರೆ, ನಾನು ಓದಿದ್ದು ಎಷ್ಟು ಕಡಿಮೆ ಎಂಬುದು ನಡೆದುಕೊಂಡು ಹೋಗುವಾಗಲೇ ಗೊತ್ತಾಗುತ್ತದೆ. ಸಿಂಧೂ ಕಣಿವೆಯ ಸಾಲಿನಲ್ಲಿ ಒಬ್ಬ ಮನುಷ್ಯನ ಹೆಸರನ್ನೂ ಬರೆಯಲಾಗಲಿಲ್ಲ, ಲಿಪಿಯನ್ನು ಯಾರೂ ಓದಿಲ್ಲವಲ್ಲ. ಪಕ್ಕದ ಸಾಲಿನಲ್ಲಿ ನನ್ನಿಯೂ ಎಯಾ-ನಾಸಿರನೂ ಜಗಳವಾಡುತ್ತಿದ್ದಾರೆ.

ಮಾಸ್ತರರೇ, ತಪ್ಪು ತಿಳಿಯಬೇಡಿ, ನಿಮ್ಮ ಲೆಕ್ಕದಲ್ಲಿ ಒಂದು ಸಣ್ಣ ದೋಷವಿದೆ. ಕ್ರಿ.ಪೂ. 1 ಮುಗಿದ ಕೂಡಲೇ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಎರಡು ಕಡೆಯ ವರ್ಷಗಳನ್ನು ಸುಮ್ಮನೆ ಕೂಡಿಸಿದ್ದರಿಂದ ಅಶೋಕನಿಂದ ನಮಗಿರುವ ದೂರ ಒಂದು ವರ್ಷ ಹೆಚ್ಚಾಗಿದೆ.

ನಿವೃತ್ತ ಮಾಸ್ತರ್, ಕುಂಬಳೆ

ಒಪ್ಪಿದೆ. ನನ್ನ ಸುರುಳಿಯಿಂದ ಒಂದು ಮಿಲಿಮೀಟರ್ ಕತ್ತರಿಸಿದ್ದೇನೆ, ಕತ್ತರಿ ಸ್ವಲ್ಪ ಓರೆಯಾಯಿತು.